ಹಲ್ಲಣ್ಣ ಅತ್ತೆಯನ್ನು ನಗಿಸಿದ್ದು

ಮಾಸ್ಕು ಬಂದದ್ದು ಮೂಗು ಬಾಯಿ ಮುಚ್ಚಲಿಕ್ಕೆ. ನನ್ನ ಪಾಲಿಗೆ ಮಾತ್ರ ಅದು ಮುಚ್ಚಿಟ್ಟದ್ದನ್ನು ಬೀದಿಗೆ ತಂದಿತು. ಬ್ಯಾಂಕಿನ ನೆಲದ ಮೇಲೆ ಬರೆದಿದ್ದ ಬಿಳಿ ವೃತ್ತಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕುಂಟೆಬಿಲ್ಲೆ ಆಡುವವನ ಹಾಗೆ ಸಾಗಿ, ಕಡೆಗೂ ಕೌಂಟರಿನ ಗಾಜಿನ ಮುಂದೆ ನಿಂತಿದ್ದೆ. ಒಳಗಿದ್ದ ಹುಡುಗಿ, "ಹೆಸರು ಕೇಳಿಸ್ತಿಲ್ಲ ಸಾರ್, ಸ್ವಲ್ಪ ಜೋರಾಗಿ ಹೇಳಿ" ಎಂದಳು. ನಾನು ಠೀವಿಯಿಂದ ಮಾಸ್ಕನ್ನು ಕೆಳಗೆಳೆದೆ. ಅದರ ಒಳಬಟ್ಟೆಯ ನೂಲೊಂದು ನನ್ನ ಕಟ್ಟಿಸಿದ ಮುಂಬಲ್ಲಿನ ತಂತಿಗೆ ಸಿಕ್ಕಿಕೊಂಡದ್ದು ನನಗೆ ಹೇಗೆ ಗೊತ್ತಾಗಬೇಕು? ಹೆಸರು ಹೊರಡುವ ಮೊದಲೇ ಹಲ್ಲು ಹೊರಟು, ಗಾಜಿನ ಕೆಳಗಿನ ಕಿಂಡಿಯಲ್ಲಿ ತೂರಿ, ಅವಳ ಕೀಬೋರ್ಡಿನ ಪಕ್ಕ ಹೋಗಿ ಕೂತಿತು. ಅವಳು ಗಾಬರಿಯಾಗಲಿಲ್ಲ. ಸ್ಯಾನಿಟೈಸರ್ ತೆಗೆದುಕೊಂಡು ಮೊದಲು ಹಲ್ಲಿಗೆ, ಆಮೇಲೆ ತನ್ನ ಕೈಗೆ ಹೊಡೆದುಕೊಂಡು, ಪೆನ್ನಿನ ತುದಿಯಿಂದ ಅದನ್ನು ನನ್ನ ಕಡೆ ತಳ್ಳಿದಳು. "ಇದನ್ನ ನಾವು ಡಿಪಾಸಿಟ್ ತಗೊಳ್ಳಲ್ಲ ಸಾರ್."

ಹಿಂದಿನ ವೃತ್ತಗಳಲ್ಲಿ ನಿಂತಿದ್ದವರೆಲ್ಲ ನಕ್ಕರು. ಮಾಸ್ಕಿನೊಳಗೆ ನಕ್ಕದ್ದರಿಂದ ಯಾರು ನಕ್ಕರೆಂದು ಗುರುತಿಟ್ಟುಕೊಂಡು ಹಗೆ ಸಾಧಿಸುವ ಅವಕಾಶವೂ ನನಗೆ ಸಿಗಲಿಲ್ಲ. ಹಲ್ಲನ್ನು ಜೇಬಿಗೆ ಹಾಕಿಕೊಂಡು ನೇರ ಹಲ್ಲಣ್ಣನ ಕಿಟಕಿಗೆ ಹೋದೆ. ಆ ಕಿಟಕಿಯಲ್ಲಿ ನಿಂತು ನಾನು ಕೇಳಿದ ಕತೆ ಇದು. ಇನ್ನು ಮುಂದೆ ನನ್ನ ಹಲ್ಲಿಗೆ ಇಲ್ಲಿ ಕೆಲಸವಿಲ್ಲ.

ಹಲ್ಲಣ್ಣ ಡಾಕ್ಟರಲ್ಲ. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದುಗಡೆ, ಒಂದೇ ಕಿಟಕಿಯ ಕೋಣೆಯಲ್ಲಿ ಕೂತು, ಬಾಯಿ ಬೋಳಾದವರಿಗೆ ಹಲ್ಲು ಕಟ್ಟಿಕೊಡುವವನು. ಡಾಕ್ಟರಮ್ಮ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದರಲ್ಲಿ ಪ್ಲಾಸ್ಟರು ಹುಯ್ದು ದವಡೆ ಮಾಡಿ, ಮೇಣದಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಾನೆ. ಗೋಡೆಗೆ ಉದ್ದಕ್ಕೂ ಹಲಗೆ ಹೊಡೆದು, ಇದುವರೆಗೆ ತನ್ನ ಕೈಲಿ ಹಲ್ಲು ಕಟ್ಟಿಸಿಕೊಂಡವರ ಬಿಳಿ ದವಡೆಗಳನ್ನೆಲ್ಲ ಜೋಡಿಸಿಟ್ಟಿದ್ದಾನೆ. ಹೊಸಬರು ಒಳಗೆ ಕಾಲಿಟ್ಟರೆ ಇಡೀ ಊರೇ ಬಾಯಿ ತೆರೆದು ತಮ್ಮನ್ನು ಆಡಿಕೊಳ್ಳುತ್ತಿರುವಂತೆ ಕಾಣುತ್ತದೆ.

ಅವನದೊಂದು ಹಟವಿತ್ತು. ಹಿಂದಿನ ಹಲ್ಲುಗಳನ್ನು ಯಾರಿಗೆ ಬೇಕಾದರೂ ಕಣ್ಣು ಮುಚ್ಚಿ ಕೂರಿಸಿಕೊಡುತ್ತಿದ್ದ. ಮುಂದಿನ ಆರು ಹಲ್ಲುಗಳನ್ನು ಮಾತ್ರ, ಆ ಮನುಷ್ಯ ನಕ್ಕದ್ದನ್ನು ಕಣ್ಣಾರೆ ಕಾಣದೆ ಮುಟ್ಟುತ್ತಿರಲಿಲ್ಲ. "ಅಗಿಯೋ ಹಲ್ಲು ಹೊಟ್ಟೆಗೆ ಸಾರ್, ಮುಂದಿಂದು ಮುಖಕ್ಕೆ. ನಕ್ಕಾಗ ತುಟಿ ಎಲ್ಲಿವರೆಗೆ ಏಳುತ್ತೆ ಅಂತ ನೋಡದೆ ಹಲ್ಲು ಇಟ್ಟರೆ, ಅದು ಬೇರೆ ಯಾರದೋ ಹಲ್ಲಾಗುತ್ತೆ" ಎನ್ನುತ್ತಿದ್ದ. ಆದ್ದರಿಂದ ಅವನ ಕೋಣೆಗೆ ಬಂದವರನ್ನೆಲ್ಲ ನಗಿಸುವುದು ಅವನ ಕಸುಬಿನ ಒಂದು ಭಾಗವೇ ಆಗಿಹೋಗಿತ್ತು. ತಾನು ಮಾತ್ರ ನಗುತ್ತಿರಲಿಲ್ಲ. ಜೋಕು ಹೇಳಿ ಮುಗಿಸಿ, ಎದುರಿನವರು ಹೊಟ್ಟೆ ಹಿಡಿದುಕೊಂಡು ನಗುವಾಗ, ಅವರ ಮೇಲ್ದುಟಿಯನ್ನೇ ದಿಟ್ಟಿಸುತ್ತ ಕೂರುತ್ತಿದ್ದ.

ಇಂಥವನಿಗೆ ರೋಗಕ್ಕಿಂತ ಮಾಸ್ಕೇ ಹೆಚ್ಚು ತೊಂದರೆ ಕೊಟ್ಟಿತು. ಕ್ಲಿನಿಕ್ಕು ಮುಚ್ಚಿತು, ಅದು ಸರಿ, ಎಲ್ಲರದೂ ಮುಚ್ಚಿತ್ತು. ಆದರೆ ಹಲ್ಲಣ್ಣ ಜನರನ್ನು ಗುರುತು ಹಿಡಿಯುತ್ತಿದ್ದುದೇ ಬಾಯಿಂದ. ಕಣ್ಣು, ಹುಬ್ಬು, ಹಣೆಗಳನ್ನು ಅವನು ಯಾವತ್ತೂ ಗಮನಿಸಿದವನಲ್ಲ. ತರಕಾರಿ ತರಲು ಬೀದಿಗಿಳಿದರೆ ಎಲ್ಲರೂ ಹೊಸಬರೇ. ಎದುರುಮನೆಯ ಟೈಲರ್ ಕೈಯೆತ್ತಿದರೆ ಇವನು ಯಾರೋ ದಾರಿ ಕೇಳುತ್ತಿದ್ದಾರೆಂದು ಬಸ್‌ಸ್ಟ್ಯಾಂಡಿನ ಕಡೆ ಕೈ ತೋರಿಸಿದ. ಒಮ್ಮೆ ಔಷಧಿ ಅಂಗಡಿಯ ಸಾಲಿನಲ್ಲಿ ತನ್ನ ಹಿಂದೆ ನಿಂತಿದ್ದ ಹೆಂಗಸಿಗೆ, "ದೂರ ನಿಂತ್ಕೊಳ್ಳಮ್ಮ" ಎಂದು ಗದರಿದ. "ಮನೇಲೂ ದೂರಾನೇ ನಿಂತ್ಕೋತೀನಿ ಬನ್ನಿ" ಎಂದಿತು ಆ ಮಾಸ್ಕು. ಅದು ಅವನ ಹೆಂಡತಿ.

ಇಷ್ಟೇ ಆಗಿದ್ದರೆ ಅದು ನಗುವ ಮಾತಾಗಿಯೇ ಉಳಿಯುತ್ತಿತ್ತು. ಆದರೆ ಊರ ಆಚೆ ತುದಿಯ ಆರೈಕೆ ಮನೆಯಲ್ಲಿ ಹಲ್ಲಣ್ಣನ ಅತ್ತೆ ಇದ್ದರು.

ಅತ್ತೆ ಎಂದರೆ ಸಾಮಾನ್ಯ ಅತ್ತೆಯಲ್ಲ. ಶಾಲೆಯಲ್ಲಿ ಲೆಕ್ಕದ ಮೇಡಮ್ಮಾಗಿ ನಿವೃತ್ತರಾದವರು. ಎದುರಿಗೆ ನಿಂತವರ ಉತ್ತರ ತಪ್ಪೇ ಇರುತ್ತದೆಂದು ನಂಬಿ ಬದುಕಿದವರು, ಬಹುಮಟ್ಟಿಗೆ ಅದು ತಪ್ಪೇ ಇರುತ್ತಿತ್ತು. ಅಳಿಯನನ್ನು ನೋಡಿದ ಮೊದಲ ದಿನವೇ, "ಈ ಹುಡುಗ ಏನೋ ಮುಚ್ಚಿಡ್ತಾ ಇದಾನೆ" ಎಂದು ತೀರ್ಪು ಕೊಟ್ಟಿದ್ದರು. ಮದುವೆಯಾಯಿತು, ಮಕ್ಕಳಾದರು, ಮಕ್ಕಳು ದೊಡ್ಡವರಾದರು, ತೀರ್ಪು ಮಾತ್ರ ಬದಲಾಗಲಿಲ್ಲ. "ಬಂದ್ರಾ ಅಳಿಯಂದಿರು?" ಎಂದು ಬಹುವಚನದಲ್ಲಿ ಸ್ವಾಗತಿಸಿ, ಆ ಒಂದು ಬಹುವಚನದಲ್ಲೇ ಅವನನ್ನು ಮೊಳಕಾಲುದ್ದ ಮಾಡಿಬಿಡುತ್ತಿದ್ದರು. ಊರನ್ನೆಲ್ಲ ನಗಿಸಿದ ಹಲ್ಲಣ್ಣನ ಜೋಕುಗಳು ಅತ್ತೆಯ ಮುಂದೆ ಒದ್ದೆ ಪಟಾಕಿಗಳು.

ಸೊಂಟದ ಮೂಳೆ ಮುರಿದು, ಮತ್ತೆ ನಡೆಯಲು ಕಲಿಯುವುದಕ್ಕೆಂದು ಅವರು ಆರೈಕೆ ಮನೆಗೆ ಸೇರಿದ್ದರು. ಸ್ವಲ್ಪ ದಿನದ ಮಟ್ಟಿಗೆ ಎಂದೇ ಎರಡು ಸೀರೆ, ಒಂದು ಶಾಲು, ಒಂದು ಪದಬಂಧದ ಪುಸ್ತಕ ತೆಗೆದುಕೊಂಡು ಹೋದವರು. ಅಷ್ಟರಲ್ಲಿ ಗೇಟು ಮುಚ್ಚಿತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಮೊದಮೊದಲು ಫೋನಿನಲ್ಲಿ ಅತ್ತೆಯ ಗರ್ಜನೆ ಚೆನ್ನಾಗಿಯೇ ಇತ್ತು: ದಾದಿ ಹೀಗೆ, ಅಡುಗೆಯವನು ಹಾಗೆ, ಪಕ್ಕದ ಮಂಚದವಳು ಪದಬಂಧದಲ್ಲಿ ಕದಿಯುತ್ತಾಳೆ. ಆಮೇಲೆ ಒಂದು ದಿನ ಫೋನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು.

ಆದದ್ದು ಇಷ್ಟು. ಹೊರಗಿನಿಂದ ಬಂದದ್ದನ್ನೆಲ್ಲ ತೊಳೆಯಬೇಕು, ಒಳಗಿರುವುದನ್ನೆಲ್ಲ ಕುದಿಸಬೇಕು ಎಂಬ ಕಾಲ. ಅಲ್ಲಿನ ದಾದಿ ಮಹಾ ಶ್ರದ್ಧಾವಂತೆ. ಲೋಟ ಕುದಿಸಿದಳು, ಚಮಚ ಕುದಿಸಿದಳು, ಬಾಚಣಿಗೆ ಕುದಿಸಿದಳು. ಕೊನೆಗೆ ಡಬ್ಬಿಯಲ್ಲಿದ್ದ ಅತ್ತೆಯ ಹಲ್ಲಿನ ಸೆಟ್ಟನ್ನೂ ಪಾತ್ರೆಗೆ ಹಾಕಿ ಚೆನ್ನಾಗಿ ಮರಳಿಸಿದಳು. ಹೊರಗೆ ತೆಗೆದಾಗ ಅದು ಬಿಸಿಲಿಗೆ ಒಣಹಾಕಿದ ಚಪ್ಪಲಿಯಂತೆ ಮುರುಟಿಕೊಂಡಿತ್ತು.

"ಸಾರ್, ಕ್ರಿಮಿ ಒಂದೂ ಉಳಿದಿಲ್ಲ" ಎಂದಳಂತೆ ಫೋನಿನಲ್ಲಿ, ಅಳುದನಿಯಲ್ಲಿ.

"ಹಲ್ಲೂ ಉಳಿದಿಲ್ಲಮ್ಮ" ಎಂದ ಹಲ್ಲಣ್ಣ.

ಹಲ್ಲಿಲ್ಲದೆ ಅತ್ತೆ ಸೂಪು ಮುಟ್ಟಲಿಲ್ಲ. ಹಿಸುಕಿದ ಆಲೂಗಡ್ಡೆಯನ್ನು ನೋಡಿ ಮುಖ ತಿರುಗಿಸಿದರು. ಸೇಬನ್ನು ಸಿಪ್ಪೆ ಸಮೇತ ಕಚ್ಚಿ ತಿನ್ನುವುದೇ ತಮ್ಮ ಆರೋಗ್ಯದ ಗುಟ್ಟೆಂದು ಸಾರಿಕೊಂಡು ಬಂದವರು, ಬಟ್ಟಲಲ್ಲಿ ಬಂದ ಸೇಬಿನ ಗೊಜ್ಜನ್ನು ಅವಮಾನವೆಂದೇ ತಿಳಿದರು. ಹಲ್ಲಿಲ್ಲದ ಬಾಯಲ್ಲಿ ಮಾತು ತೊದಲುವುದರಿಂದ ಮಾತನ್ನೂ ಬಿಟ್ಟರು. ಮಾತೇ ಬಿಟ್ಟಮೇಲೆ ನಡಿಗೆ ಕಲಿಸಲು ಬಂದವರಿಗೆ ಬೈಯುವುದೂ ನಿಂತಿತು. ಬೈಗುಳ ನಿಂತದ್ದೇ ಹೆಜ್ಜೆಯೂ ನಿಂತಿತು. ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಕಡೆಗೆ ಅಲ್ಲಿನ ಡಾಕ್ಟರು ಮಗಳಿಗೆ ಫೋನು ಮಾಡಿ, "ಹೀಗೇ ಮುಂದುವರಿದರೆ ಮೂಗಿಗೆ ನಳಿಕೆ ಹಾಕಬೇಕಾಗುತ್ತೆ. ಅದಾದಮೇಲೆ ಎದ್ದು ನಡೆಯೋದು ಕಷ್ಟ" ಎಂದರು.

ಹಲ್ಲಣ್ಣನ ಹೆಂಡತಿ ಆ ಫೋನು ಇಟ್ಟು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ನೀರಿನ ಸದ್ದಿನಲ್ಲಿ ಅಳುವವರು ಗಂಡನಿಗೆ ಕೇಳಿಸದಿರಲಿ ಎಂದೇ ನೀರು ಬಿಡುತ್ತಾರೆ, ಕೇಳಿಸಲಿ ಎಂದೂ ಬಿಡುತ್ತಾರೆ. ಹಲ್ಲಣ್ಣ ಚಪ್ಪಲಿ ಮೆಟ್ಟಿಕೊಂಡು ಕ್ಲಿನಿಕ್ಕಿಗೆ ಹೋದ.

ಹಲಗೆಯ ಮೇಲೆ ಅತ್ತೆಯ ಹಳೆಯ ದವಡೆ ಇತ್ತು; ಅಳಿಯನ ಮುಂದೆ ನಗಲು ಒಪ್ಪದ ಅತ್ತೆ ಆ ಸಲ ಮುಂದಿನ ಆರನ್ನು ಮಾತ್ರ ಬೇರೆ ಕಡೆ ಕೂರಿಸಿಕೊಂಡಿದ್ದರು. ಅವಸರಕ್ಕೆ ಹಟ ಬಿಟ್ಟು, ಮುಂದಿನ ಆರನ್ನೂ ಅಂದಾಜಿನಲ್ಲೇ ಕೂರಿಸಿ, ಅದರ ಮೇಲೆಯೇ ಹೊಸ ಸೆಟ್ಟು ಕಟ್ಟಿ ಕಳಿಸಿದ. ಎರಡೇ ದಿನದಲ್ಲಿ ವಾಪಸು ಬಂತು. ಒಸಡು ಸವೆದಿತ್ತು, ಕೆನ್ನೆ ಇಳಿದಿತ್ತು. ಹಾಕಿಕೊಂಡರೆ ಗಡಗಡ ಅಲ್ಲಾಡುತ್ತದೆ ಎಂದಳು ದಾದಿ. "ಅಜ್ಜಿ ಕನ್ನಡಿ ನೋಡಿ ಒಂದೇ ಮಾತು ಹೇಳಿದ್ರು ಸಾರ್. ಕುದುರೆ ಅಂತ."

ಡಾಕ್ಟರಮ್ಮ ಕೈ ಬಿಡಲಿಲ್ಲ. ಮೆತ್ತನೆಯ ಅಚ್ಚಿನ ಹಿಟ್ಟನ್ನು ಕಳಿಸಿ, ದಾದಿಗೆ ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟು, ಅತ್ತೆಯ ಬಾಯಿಂದ ಹೊಸ ಅಚ್ಚು ತೆಗೆಸಿದರು. ಸೆಟ್ಟು ಕುದಿಸಿದ ಪಾಪ ಕಳೆಯಲೆಂದೋ ಏನೋ, ದಾದಿ ಎಷ್ಟು ನಾಜೂಕಾಗಿ ತೆಗೆದಿದ್ದಳೆಂದರೆ ಡಾಕ್ಟರಮ್ಮನೇ ಬೆರಗಾದರು. ದವಡೆಯ ಚಿಂತೆ ಮುಗಿಯಿತು. ಹಿಂದಿನ ಹಲ್ಲುಗಳು ಕೂತವು. ಉಳಿದದ್ದು ಮುಂದಿನ ಆರು.

"ಹೇಗೋ ಒಂದು ಕೂರಿಸಿಬಿಡಿ ಹಲ್ಲಣ್ಣ" ಎಂದರು ಡಾಕ್ಟರಮ್ಮ. "ಮೊದಲು ಅವರು ಊಟ ಮಾಡಲಿ."

"ಹೇಗೋ ಕೂರಿಸಿದ್ದಕ್ಕೇ ಮೇಡಂ ಕುದುರೆ ಆಗಿದ್ದು. ಇನ್ನೊಂದು ಸಲ ವಾಪಸು ಬಂದರೆ ಅವರು ಮೂರನೇದು ಹಾಕಿಕೊಳ್ಳಲ್ಲ. ನನಗೆ ಗೊತ್ತು ಆ ಹೆಂಗಸು."

ಹಲ್ಲು ಬೇಕಾದರೆ ಅತ್ತೆ ನಗುವುದನ್ನು ನೋಡಬೇಕು. ಅತ್ತೆಯೋ, ಹಲ್ಲಿಲ್ಲದ ಬಾಯನ್ನು ಯಾರಿಗೂ ತೋರಿಸುವವರಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ವೀಡಿಯೋ ಫೋನಿನಲ್ಲಿ ಕರೆದರೆ ಶಾಲು ಮುಖದ ಮೇಲೆಳೆದುಕೊಂಡರು. ಅರ್ಧ ಗಂಟೆ ಹೊತ್ತು ಗಂಡಹೆಂಡಿರು ಶಾಲಿನ ಜೊತೆ ಮಾತಾಡಿದರು.

ಆಗ ಆರೈಕೆ ಮನೆಯವರು ಒಂದು ಏರ್ಪಾಟು ಮಾಡಿದ್ದರು. ಅಂಗಳದ ಕಡೆಯ ದೊಡ್ಡ ಗಾಜಿನ ಕಿಟಕಿಗೆ ಹೊರಗೆರಡು ಕುರ್ಚಿ, ಒಳಗೊಂದು ಗಾಲಿಕುರ್ಚಿ. ನೋಡುವುದು ಗಾಜಿನಲ್ಲಿ, ಮಾತಾಡುವುದು ಸ್ಪೀಕರ್ ಹಾಕಿದ ಫೋನಿನಲ್ಲಿ. ಹಲ್ಲಣ್ಣ ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟ.

ದಾದಿ ಅತ್ತೆಯನ್ನು ತಳ್ಳಿಕೊಂಡು ಬಂದಳು. ಕಣ್ಣಿನ ಕೆಳಗಿನವರೆಗೂ ಮಾಸ್ಕು, ಅದರ ಕೆಳಗೆ ಶಾಲು. ಎಷ್ಟು ಚಿಕ್ಕವರಾಗಿಬಿಟ್ಟಿದ್ದರೆಂದರೆ ಗಾಲಿಕುರ್ಚಿಯಲ್ಲಿ ಇನ್ನೊಬ್ಬರು ಕೂರಬಹುದಿತ್ತು. ಹಲ್ಲಣ್ಣ ಫೋನು ಎತ್ತಿಕೊಂಡ.

"ಅತ್ತೆ, ಮೊನ್ನೆ ಒಬ್ಬ ಬಂದಿದ್ದ. 'ನಿನ್ನೆ ನೀವು ಕೊಟ್ಟ ಹಲ್ಲು ಸರಿಯಿಲ್ಲ, ಬಾಯಿ ತೆಗೆದರೆ ನನ್ನ ಹೆಂಡತಿ ಮಾತಾಡಿದ ಹಾಗೆ ಕೇಳುತ್ತೆ' ಅಂದ. ತೆಗೆಸಿ ನೋಡ್ತೀನಿ, ಹೆಂಡತಿಯ ಸೆಟ್ಟು ಹಾಕ್ಕೊಂಡು ಬಂದಿದಾನೆ."

ದಾದಿ ಫಕ್ಕನೆ ನಕ್ಕಳು. ಅತ್ತೆ ಗೋಡೆಯ ಗಡಿಯಾರ ನೋಡಿದರು.

ಇನ್ನೊಂದು ಹೇಳಿದ. ಮತ್ತೊಂದು ಹೇಳಿದ. ಡಾಕ್ಟರಮ್ಮನ ಮುಂದೆ ಹೇಳಲು ನಾಚುವಂಥದ್ದನ್ನೂ ಹೇಳಿದ. ದಾದಿ ಗಾಲಿಕುರ್ಚಿ ಹಿಡಿದುಕೊಂಡೇ ಬಗ್ಗಿ ನಗುತ್ತಿದ್ದಳು. ಅತ್ತೆಯ ಕಣ್ಣು ಮಾತ್ರ, ತಪ್ಪು ಉತ್ತರ ಬರೆದ ಹುಡುಗ ಹಲಗೆ ಒರೆಸಲೆಂದು ಕಾಯುವ ಮೇಡಮ್ಮನ ಕಣ್ಣಾಗಿಯೇ ಉಳಿಯಿತು. ಕೊನೆಗೆ ಕೈ ಎತ್ತಿ, ಒಳಗೆ ಕರೆದುಕೊಂಡು ಹೋಗು ಎಂದು ದಾದಿಗೆ ಸನ್ನೆ ಮಾಡಿದರು.

ಹಲ್ಲಣ್ಣ ಫೋನು ಕೆಳಗಿಳಿಸಿದ. ಹುಟ್ಟಿದಾಗಿನಿಂದ ತಾನು ಯಾರನ್ನೂ ನಗಿಸಿಯೇ ಇಲ್ಲವೇನೋ ಅನ್ನಿಸಿತು ಅವನಿಗೆ. "ಆಗಲ್ಲ ಕಣೆ" ಎಂದ ಹೆಂಡತಿಗೆ. "ಈ ಹೆಂಗಸಿಗೆ ನಗುವಿನ ನರಾನೇ ಇಲ್ಲ."

"ಯಾಕಿಲ್ಲ? ನಾನು ನೋಡಿದೀನಿ" ಎಂದಳು ಹೆಂಡತಿ ಮೂಗೊರೆಸಿಕೊಳ್ಳುತ್ತ. "ಅಮ್ಮ ಜೋಕಿಗೆಲ್ಲ ನಗಲ್ಲ ರೀ. ತಾನು ಹೇಳಿದ್ದೇ ಸರಿ ಅಂತ ಆದಾಗ ನಗ್ತಾಳೆ. ಪಕ್ಕದ ಮನೆಯವರ ತಾರಸಿ ಸೋರುತ್ತೆ ಅಂದಿದ್ದಳು, ಸೋರಿತು. ಅವತ್ತು ಸಾಯಂಕಾಲದವರೆಗೂ ನಕ್ಕಳು."

ಹಲ್ಲಣ್ಣ ಹೆಂಡತಿಯನ್ನು ನೋಡಿದ. ಹೆಂಡತಿ ಹಲ್ಲಣ್ಣನನ್ನು ನೋಡಿದಳು. ಇಬ್ಬರಿಗೂ ಒಂದೇ ವಿಷಯ ಹೊಳೆದಿತ್ತು.

"ಬೇಡ" ಎಂದ ಹಲ್ಲಣ್ಣ.

"ತೋರಿಸಿಬಿಡಿ" ಎಂದಳು ಹೆಂಡತಿ.

"ಇಷ್ಟು ವರ್ಷ ಕಾಪಾಡಿಕೊಂಡು ಬಂದಿದೀನಿ."

"ಅದನ್ನ ಕಾಪಾಡಿಕೊಂಡು ಅಮ್ಮನ್ನ ಕಳ್ಕೋತೀರಾ?"

ವಿಷಯ ಇದು. ಹಲ್ಲಣ್ಣನ ಮೇಲಿನ ನಾಲ್ಕು ಮುಂಬಲ್ಲುಗಳು ಅವನವಲ್ಲ. ಹುಡುಗನಾಗಿದ್ದಾಗ ಸೈಕಲ್ಲಿನ ಹ್ಯಾಂಡಲ್ ಬಿಟ್ಟು ಸವಾರಿ ಮಾಡುವ ಶೌರ್ಯ ತೋರಿಸಲು ಹೋಗಿ ಕಳೆದುಕೊಂಡದ್ದು. ಕಟ್ಟಿಸಿಕೊಳ್ಳಲು ಹೋದ ಕಡೆಯೇ ಕಸುಬು ಕಲಿತ. ಮದುವೆಯ ಮಾತುಕತೆಯ ಹೊತ್ತಿಗೆ ಆ ನಾಲ್ಕು ಹಲ್ಲು ಸಡಿಲವಾಗಿದ್ದವು. "ಬಾಯಿ ಬಿಡಬೇಡ, ನಗಂತೂ ನಗಲೇಬೇಡ" ಎಂದು ಅಪ್ಪ ಆಣೆ ಹಾಕಿಸಿದ್ದ. ತುಟಿ ಬಿಗಿದು ಕೂತ ವರನನ್ನು ನೋಡಿಯೇ ಭಾವಿ ಅತ್ತೆ, "ಏನೋ ಮುಚ್ಚಿಡ್ತಾ ಇದಾನೆ" ಎಂದದ್ದು. ಮದುವೆಯಾದ ವಾರದಲ್ಲೇ ಹೆಂಡತಿಗೆ ಗೊತ್ತಾಯಿತು, ಅವಳು ನಕ್ಕು ಸುಮ್ಮನಾದಳು. ಅತ್ತೆಗೆ ಗೊತ್ತಾಗದ ಹಾಗೆ ನೋಡಿಕೊಳ್ಳುವುದು ಆ ಸಂಸಾರದ ಮೊದಲ ಒಪ್ಪಂದವಾಯಿತು.

ಗಾಲಿಕುರ್ಚಿ ಆಗಲೇ ಅರ್ಧ ತಿರುಗಿತ್ತು. ಹೆಂಡತಿ ಗಾಜಿನ ಮೇಲೆ ಬೆರಳಿನಿಂದ ಬಡಿದು ಫೋನಿನಲ್ಲಿ ಹೇಳಿದಳು: "ಅಮ್ಮ, ಒಂದು ನಿಮಿಷ. ಇವರು ನಿನ್ನ ಹತ್ತಿರ ಏನೋ ಮುಚ್ಚಿಡ್ತಿದಾರೆ ಅಂತ ಹೇಳ್ತಿದ್ದೆಯಲ್ಲ, ನೋಡು."

ಕುರ್ಚಿ ನಿಂತಿತು.

ಹಲ್ಲಣ್ಣ ಮಾಸ್ಕು ಬಿಚ್ಚಿದ. "ಸಾರ್, ಮಾಸ್ಕು" ಎಂದು ಒಳಗಿನಿಂದ ದಾದಿ ಕೈ ಆಡಿಸಿದಳು. ಅವನು ಬಾಯೊಳಗೆ ಹೆಬ್ಬೆರಳು ತೂರಿಸಿ, ಕಟಕ್ಕನೆ ನಾಲ್ಕು ಹಲ್ಲುಗಳನ್ನು ಹೊರತೆಗೆದು, ಕಿಟಕಿಯ ಕಟ್ಟೆಯ ಮೇಲೆ ಅತ್ತೆಗೆ ಎದುರಾಗಿ ಇಟ್ಟ. ಆಮೇಲೆ ಗಾಜಿಗೆ ಮುಖ ತಂದು, ಮದುವೆಯ ಮಾತುಕತೆಯ ದಿನ ಬಿಡದಿದ್ದ ಬಾಯನ್ನು ಅಗಲವಾಗಿ ಬಿಟ್ಟ.

ಅತ್ತೆ ಮೊದಲು ಕಟ್ಟೆಯ ಮೇಲಿನ ಹಲ್ಲು ನೋಡಿದರು. ಆಮೇಲೆ ಬಾಯಿಯ ಕಂಡಿ ನೋಡಿದರು. ಎರಡನ್ನೂ ಕೂಡಿಸಿ ತಾಳೆ ನೋಡಿದ ಹಾಗಿತ್ತು.

"ಮದುವೆಗೆ ಮುಂಚಿಂದಾನೂ ಹೀಗೇ ಅಮ್ಮ" ಎಂದಳು ಮಗಳು. "ನೀನು ಹೇಳಿದ್ದೇ ಸರಿ."

ಅತ್ತೆಯ ಭುಜ ಅಲುಗಿತು. ಕೆಮ್ಮೇನೋ ಎಂದುಕೊಂಡು ದಾದಿ ಬಗ್ಗಿದಳು. ಅತ್ತೆ ಅವಳ ಕೈ ತಳ್ಳಿ, ಹೇಳಲೇಬೇಕಾದ ಮಾತಿಗೆ ಮಾಸ್ಕು ಅಡ್ಡ ಬಂದಿತೆಂದು ತಾವೇ ಅದನ್ನು ಗದ್ದಕ್ಕೆಳೆದು, "ನಾನು ಹೇಳ್ಲಿಲ್ವಾ?" ಎಂದರು. ಗಾಳಿಯೇ ಹೆಚ್ಚಾಗಿದ್ದ ಆ ತೊದಲು ಮಾತು ಬಾಯಿಂದ ಹೊರಬಿದ್ದದ್ದೇ ತಡ, ಅದರ ಹಿಂದೆಯೇ ನಗು ಬಂತು. ಬೋಳು ಒಸಡು ಕಾಣುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ, ಕುರ್ಚಿಯ ಕೈ ಬಡಿಬಡಿದು ನಕ್ಕರು. ಪಕ್ಕದ ಮಂಚದವಳು ಏನಾಯಿತೆಂದು ಬಾಗಿಲಿಗೆ ಬಂದಳು. ಅವಳಿಗೂ ಬೆರಳು ಮಾಡಿ ಅಳಿಯನ ಬಾಯಿ ತೋರಿಸಿದರು. ಇತ್ತ ಮಗಳು ನಗುತ್ತಿದ್ದಳೋ ಅಳುತ್ತಿದ್ದಳೋ, ಮಾಸ್ಕಿನ ಮೇಲಿನಿಂದ ಹೇಳುವಂತಿರಲಿಲ್ಲ.

ಹಲ್ಲಣ್ಣ ನಗಲಿಲ್ಲ. ಗಾಜಿಗೆ ಮೂಗು ಒತ್ತಿ, ಅತ್ತೆಯ ಮೇಲ್ದುಟಿಯನ್ನೇ ನೋಡುತ್ತಿದ್ದ. ಬಲಗಡೆ ಹೆಚ್ಚು ಏಳುತ್ತದೆ, ಎಡಗಡೆ ಸ್ವಲ್ಪ ಕಡಿಮೆ. ಬೆರಳಿನ ಗೆಣ್ಣಿನ ಮೇಲೆ ಉಗುರಿನಿಂದ ಗುರುತು ಒತ್ತಿಕೊಂಡ. ಹೊರಡುವಾಗ ಹೆಂಡತಿ ಕೈ ಹಿಡಿದು ಎಳೆಯಬೇಕಾಯಿತು. ದಾದಿ ಫೋನಿನಲ್ಲಿ ಹಿಂದೆ ಕರೆದಳು.

"ಸಾರ್, ನಿಮ್ಮ ಹಲ್ಲು ಕಟ್ಟೆ ಮೇಲೇ ಇದೆ. ತೊಳ್ಕೊಂಡು ಹಾಕ್ಕೊಳ್ಳಿ." ಸ್ವಲ್ಪ ತಡೆದು ಸೇರಿಸಿದಳು: "ತಣ್ಣೀರಲ್ಲಿ."

ಮುಂದಿನ ಆರು ಹಲ್ಲುಗಳನ್ನು ಹಲ್ಲಣ್ಣ ಅವತ್ತು ಮಧ್ಯಾಹ್ನವೇ ಕೂರಿಸಿದ. ಒಂದನ್ನು ಬೇಕೆಂದೇ ಕೂದಲೆಳೆಯಷ್ಟು ಓರೆ ಇಟ್ಟ. ಅತ್ತೆಯ ಸ್ವಂತ ಹಲ್ಲು ಹಾಗಿತ್ತೆಂದು ಹೆಂಡತಿ ಹೇಳಿದ್ದಳು. ಸೆಟ್ಟು ಹೋಯಿತು. ವಾಪಸು ಬರಲಿಲ್ಲ. ಮೊದಲ ದಿನ ಬ್ರೆಡ್ಡಿನ ಅಂಚು ತಿಂದರೆಂದು ದಾದಿ ವರದಿ ಕೊಟ್ಟಳು, ಎರಡನೆಯ ದಿನ ಅಡುಗೆಯವನನ್ನು ಕರೆಸಿ ಉಪ್ಪಿನ ವಿಷಯ ಮಾತಾಡಿದರೆಂದೂ, ಮೂರನೆಯ ದಿನ ನಡಿಗೆ ಕಲಿಸುವವನಿಗೆ ಮಂಗಳಾರತಿ ಆಯಿತೆಂದೂ. ನಳಿಕೆಯ ಮಾತನ್ನು ಆ ಮೇಲೆ ಯಾರೂ ಎತ್ತಲಿಲ್ಲ.

ಕಟ್ಟುಪಾಡು ಒಂದಿಷ್ಟು ಸಡಿಲವಾಗಿ, ಅಂಗಳದಲ್ಲಿ ದೂರ ದೂರ ಕುರ್ಚಿ ಹಾಕಿ ಮುಖಾಮುಖಿ ಕೂರಲು ಬಿಟ್ಟ ದಿನ, ಅತ್ತೆ ಗಾಲಿಕುರ್ಚಿಯಲ್ಲಿ ಬರಲಿಲ್ಲ. ನಾಲ್ಕು ಕಾಲಿನ ಊರುಗೋಲು ಮುಂದಿಡುತ್ತ, ತಾವೇ ನಡೆದು ಬಂದರು. ದಾದಿ ಹಿಂದೆ ಕೈ ಚಾಚಿಕೊಂಡು ಬಂದರೂ ಮುಟ್ಟಗೊಡಲಿಲ್ಲ. ಕುರ್ಚಿಯಲ್ಲಿ ಕೂತು, ಮಾಸ್ಕು ಇಳಿಸಿ, ಮಗಳು ತಂದಿದ್ದ ಸೇಬನ್ನು ಸಿಪ್ಪೆ ಸಮೇತ ಕಚ್ಚಿದರು. ಆ ಸದ್ದು ಅಂಗಳದ ಆಚೆಗೂ ಕೇಳಿಸಿತು.

"ಬಂದ್ರಾ ಅಳಿಯಂದಿರು?" ಎಂದು ಶುರುಮಾಡಿದರು. ಹಲ್ಲು ಮುಚ್ಚಿಟ್ಟು ಹೆಣ್ಣು ತೆಗೆದುಕೊಂಡು ಹೋದವನು, ಇನ್ನೇನೇನು ಮುಚ್ಚಿಟ್ಟಿದಾನೋ; ಇಂಥ ಹಲ್ಲು ಕಟ್ಟುವವನಿಗೆ ತನ್ನ ಬಾಯಿ ನೆಟ್ಟಗಿಟ್ಟುಕೊಳ್ಳಲು ಬರಲಿಲ್ಲವೇ; ಸೈಕಲ್ಲಿಗೆ ಹ್ಯಾಂಡಲ್ ಇಟ್ಟಿರುವುದು ಯಾಕೆಂದು ತಿಳಿದಿದ್ದನೋ; ಇವನಪ್ಪ ಆಣೆ ಹಾಕಿಸಿದನಂತೆ, ಆ ಅಪ್ಪನ ಬಾಯಲ್ಲಾದರೂ ಸ್ವಂತದ್ದು ಎಷ್ಟಿದ್ದವೋ. ಸೇಬು ಮುಗಿಯಿತು, ಬೈಗುಳ ಮುಗಿಯಲಿಲ್ಲ. ಪಕ್ಕದ ಮಂಚದವಳು ತನ್ನ ಕುರ್ಚಿಯನ್ನು ಕೇಳಿಸುವಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಹಲ್ಲಣ್ಣ ಮೊಳಕಾಲ ಮೇಲೆ ಕೈಯಿಟ್ಟು, ಸ್ವಲ್ಪ ಮುಂದೆ ಬಾಗಿ ಕೂತಿದ್ದ. ಭೇಟಿಯ ಹೊತ್ತು ಮುಗಿಯಿತೆಂದು ಗಂಟೆ ಹೊಡೆದಾಗಲೇ ಅತ್ತೆ ನಿಲ್ಲಿಸಿದ್ದು.

ಸ್ಕೂಟರಿನ ಹತ್ತಿರ ಬಂದಮೇಲೆ ಹೆಂಡತಿ ಕೇಳಿದಳು. "ಅಷ್ಟು ಹೊತ್ತು ಬೈಸಿಕೊಂಡ್ರಲ್ಲ, ನಿಮಗೆ ಏನೂ ಅನ್ನಿಸಲಿಲ್ವಾ?"

ಹಲ್ಲಣ್ಣ ಸ್ಕೂಟರಿನ ಸ್ಟ್ಯಾಂಡು ತೆಗೆದ.

"ಮೇಲಿನ ಸಾಲು ನೋಡ್ತಾ ಇದ್ದೆ" ಎಂದ. "ಒಂದು ಸಲಾನೂ ಜಾರಲಿಲ್ಲ."